ಕಾರಣ ಕೊಡದ ಹೆಂಗಸು

ನಮ್ಮಲ್ಲಿ ಹೆಂಗಸು ಏನೇ ಮಾಡಿದರೂ ಅದಕ್ಕೊಂದು ಕಾರಣ ಕೊಡಬೇಕು. ಹೊರಗೆ ಹೊರಟರೆ ಎಲ್ಲಿಗೆ, ತಡವಾಗಿ ಬಂದರೆ ಯಾಕೆ, ಹೊಸ ಸೀರೆ ಉಟ್ಟರೆ ಏನು ವಿಶೇಷ, ಹಳೆಯದನ್ನೇ ಉಟ್ಟರೆ ಯಾಕೆ ಹೀಗಿದ್ದೀ, ನಕ್ಕರೆ ಏನಾಯಿತು, ಸುಮ್ಮನೆ ಕೂತರೂ ಏನಾಯಿತು! ಗಂಡಸು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ಸುಮ್ಮನೆ ಒಂದು ಸುತ್ತು ಹಾಕಿ ಬರಬಹುದು. 'ಹೀಗೇ ಹೋಗಿದ್ದೆ' ಎಂದರೆ ಮನೆಯಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಯಾರೂ ಕೇಳುವುದಿಲ್ಲ. ಅದೇ ಬಜಾರಿಗೆ ಹೆಂಗಸು ಹೋದರೆ ವಾಪಸು ಬರುವಾಗ ಅವಳ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಒಂದು ಕಟ್ಟಾದರೂ ಇರಬೇಕು. ಆ ಕಟ್ಟೇ ಅವಳ ಪರವಾನಗಿ.

ಕೊಲೆ ದರೋಡೆಗಳ ಸಿನಿಮಾಗಳಲ್ಲಿ ಬರುವ ಕೆಟ್ಟ ಹೆಂಗಸು ನಮ್ಮಂಥ ಮರ್ಯಾದಸ್ಥ ಹೆಂಗಸರಿಗೆ ಯಾಕೆ ಹಿಡಿಸುತ್ತಾಳೆ ಎಂಬ ಪ್ರಶ್ನೆಗೆ ದೊಡ್ಡವರು ದೊಡ್ಡ ದೊಡ್ಡ ಉತ್ತರಗಳನ್ನೇ ಕೊಟ್ಟಿದ್ದಾರೆ. ಅದುಮಿಟ್ಟ ಕಾಮ ಎಂದವರಿದ್ದಾರೆ, ಅದುಮಿಟ್ಟ ಸಿಟ್ಟು ಎಂದವರಿದ್ದಾರೆ, ಕಾಲ ಕೆಟ್ಟಿತು ಎಂದು ಒಂದೇ ಮಾತಿನಲ್ಲಿ ಮುಗಿಸಿದವರೂ ಇದ್ದಾರೆ. ನನ್ನ ಉತ್ತರ ಚಿಕ್ಕದು. ಅವಳು ಯಾರಿಗೂ ಕಾರಣ ಕೊಡುವುದಿಲ್ಲ. ನಮಗೆ ಹಿಡಿಸುವುದು ಇಷ್ಟೇ. ಈ ಇಷ್ಟನ್ನು ನಮ್ಮ ಮುಂದೆ ಹಿಡಿದು, ಅದರ ಮರೆಯಲ್ಲಿ ಬೇರೇನನ್ನೋ ನಮ್ಮ ಉಡಿಗೆ ಸುರಿಯುತ್ತಾರಲ್ಲ, ನನ್ನ ಜಗಳ ಇರುವುದು ಆ ವ್ಯಾಪಾರದ ಮೇಲೆ.

ಕಣ್ಣೆದುರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ನಮ್ಮ ಜೋಗವನ್ನು ನಾವೇ ಕಂಡಿರದ ಎತ್ತರದಿಂದ ತೋರಿಸಿದ ಚಿತ್ರ ಅದು. ಅದರಲ್ಲಿ ನಂದಿನಿಯಾಗಿ ಬಂದ ಪೂಜಾ ಗಾಂಧಿ ಎಲ್ಲರ ಮನೆಯ ಹುಡುಗಿಯಾದರು. ಮದುವೆ ನಿಶ್ಚಯವಾದವಳು, ಮನಸ್ಸು ಬೇರೆಡೆ ಎಳೆದರೂ ದೊಡ್ಡವರ ಮಾತು ಮೀರದೆ ಹಸೆಮಣೆ ಏರುವವಳು. ಅದೇ ಪೂಜಾ ಗಾಂಧಿ 2012ರಲ್ಲಿ ಶ್ರೀನಿವಾಸ ರಾಜು ನಿರ್ದೇಶಿಸಿದ 'ದಂಡುಪಾಳ್ಯ'ದಲ್ಲಿ ಲಕ್ಷ್ಮಿ ಎಂಬ ಹೆಂಗಸಾಗಿ ಬಂದರು. ಕೆದರಿದ ತಲೆ, ಮಾಸಿದ ಬಟ್ಟೆ, ಬೆರಳ ಸಂದಿಯಲ್ಲಿ ಬೀಡಿ. ಮಳೆಯಲ್ಲಿ ತೊಯ್ದ ಹುಡುಗಿ ರಕ್ತದಲ್ಲಿ ತೊಯ್ದಳು. ಚಿತ್ರ ಜೋರಾಗಿ ಓಡಿತು, ತೆಲುಗಿಗೂ ಹೋಗಿ ಅಲ್ಲೂ ಓಡಿತು. 2017ರಲ್ಲಿ ಎರಡನೆಯ ಭಾಗ, 2018ರಲ್ಲಿ ಮೂರನೆಯ ಭಾಗ ಬಂದವು.

ಇದು ಕಟ್ಟುಕತೆಯಾಗಿದ್ದರೆ ಮಾತು ಬೇರೆ ಇತ್ತು. ಹೊಸಕೋಟೆ ಹತ್ತಿರದ ದಂಡುಪಾಳ್ಯ ಎಂಬ ಊರಿನ ಹೆಸರನ್ನು ಹೊತ್ತ ಗುಂಪೊಂದು 1990ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರನ್ನೂ ಸುತ್ತಲಿನ ಊರುಗಳನ್ನೂ ನಡುಗಿಸಿದ್ದು ನಮಗೆಲ್ಲ ನೆನಪಿದೆ. ಪತ್ರಿಕೆಗಳಲ್ಲಿ ಬಂದ ಅವರ ರೀತಿಯೂ ನೆನಪಿದೆ. ಹಗಲು ಹೊತ್ತು, ಮನೆಯಲ್ಲಿ ಹೆಂಗಸು ಒಬ್ಬಳೇ ಇರುವ ವೇಳೆ ನೋಡಿ ಬಾಗಿಲು ತಟ್ಟುವುದು. ಕುಡಿಯಲು ನೀರು ಕೇಳುವುದು. ಅವಳು ನೀರು ತರಲು ಒಳಗೆ ತಿರುಗಿದಾಗ ನುಗ್ಗುವುದು. ಕತ್ತು ಕೊಯ್ದು ಮೈಮೇಲಿನ ಒಡವೆ ಬಿಚ್ಚಿಕೊಳ್ಳುವುದು. ಮುಂದೆ ಆ ಗುಂಪಿನವರ ವಿಚಾರಣೆಗೆಂದೇ ಪರಪ್ಪನ ಅಗ್ರಹಾರದಲ್ಲಿ ವಿಶೇಷ ನ್ಯಾಯಾಲಯ ನಡೆಯಿತು. ಹಲವರಿಗೆ ಮರಣದಂಡನೆಯ ತೀರ್ಪಾಯಿತು. ಆಮೇಲೆ ಮೇಲಿನ ಕೋರ್ಟಿನಲ್ಲಿ ಕೆಲವು ಶಿಕ್ಷೆಗಳು ಇಳಿದವು, ಕೆಲವು ಪ್ರಕರಣಗಳು ಬಿದ್ದೂ ಹೋದವು. ಆ ಕಾಲದಲ್ಲಿ ಬೆಂಗಳೂರಿನ ನಂಟರ ಮನೆಗೆ ಹೋದವರು ಅಲ್ಲಿನ ಹೊಸ ಕಬ್ಬಿಣದ ಗ್ರಿಲ್ಲುಗಳನ್ನು ನೋಡಿ ಬಂದು ನಮ್ಮ ಊರಿನಲ್ಲೂ ಹಾಕಿಸಿದರು. ವಿನೋಬನಗರದಲ್ಲಿ, ಗೋಪಾಳದಲ್ಲಿ ಮಧ್ಯಾಹ್ನದ ಬಾಗಿಲು ಸರಪಳಿ ಬಿಗಿದುಕೊಂಡೇ ತೆರೆಯುವ ಅಭ್ಯಾಸವಾಯಿತು.

ಹೀಗಿರುವಾಗ, ಆ ಬಾಗಿಲ ಹಿಂದೆ ಹೆದರಿ ಕೂತಿದ್ದ ಹೆಂಗಸರಿಗೇ ಬಾಗಿಲು ತಟ್ಟಿದ ಹೆಂಗಸಿನ ಮೇಲೆ ಇಷ್ಟ ಹುಟ್ಟಿತು ಎಂದರೆ ಅದನ್ನು ಕಾಲದ ಕೇಡು ಎಂದು ತಳ್ಳಿಹಾಕಲಾಗುವುದಿಲ್ಲ. ಅದು ನಿಜ, ಮತ್ತು ಅದಕ್ಕೊಂದು ಅರ್ಥವಿದೆ.

ನಮ್ಮ ಭದ್ರಾವತಿಯ ಹೆಂಗಸರಿಗೂ ಸಿನಿಮಾಕ್ಕೂ ಇದ್ದ ನಂಟನ್ನು ತಿಳಿದವರಿಗೆ ಆ ಅರ್ಥ ಬೇಗ ಹೊಳೆದೀತು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಊರು ಅದು. ಅಲ್ಲಿನ ಸಂಸಾರಗಳ ಗಡಿಯಾರ ಕಾರ್ಖಾನೆಯ ಸೈರನ್ನು. ಗಂಡ ಯಾವ ಶಿಫ್ಟಿನಲ್ಲಿದ್ದಾನೆ ಎಂಬುದರ ಮೇಲೆ ಹೆಂಡತಿಯ ಮ್ಯಾಟಿನಿ ನಿಂತಿರುತ್ತಿತ್ತು. ನ್ಯೂ ಟೌನಿನ ಕ್ವಾರ್ಟರ್ಸುಗಳಿಂದ, ಪೇಪರ್ ಟೌನಿನಿಂದ ಅಕ್ಕಪಕ್ಕದ ನಾಲ್ಕೈದು ಜನ ಸೇರಿ ಹೊರಡುವುದು, ಸೆರಗಿನ ತುದಿಯಲ್ಲಿ ಟಿಕೇಟಿನ ದುಡ್ಡು, ಮಗು ಕಂಕುಳಲ್ಲಿ. ಒಬ್ಬಳೇ ಹೋದರೆ ಕಾರಣ ಕೇಳುತ್ತಿದ್ದರು. ನಾಲ್ವರು ಸೇರಿದರೆ ಆ ಸೇರುವುದೇ ಕಾರಣವಾಗುತ್ತಿತ್ತು. ಶಿವಮೊಗ್ಗದಲ್ಲೂ ಹಾಗೆಯೇ. ಲಕ್ಷ್ಮೀ ಟಾಕೀಸ್ ಎಂಬುದು ನಮಗೆ ಒಂದು ಬಸ್‌ಸ್ಟಾಪಿನ ಗುರುತಾಗುವ ಮೊದಲು ಮೂರು ಗಂಟೆಯ ಬಿಡುಗಡೆಯ ಹೆಸರಾಗಿತ್ತು. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲಿನಿಂದ ಸಂಜೆಯ ಕಾಫಿಗೆ ನೀರಿಡುವ ತನಕದ ಹೊತ್ತು ಹೆಂಗಸಿನ ಸ್ವಂತ ಹೊತ್ತು. ದಂಡುಪಾಳ್ಯದವರು ಬಾಗಿಲು ತಟ್ಟಲು ಆರಿಸಿಕೊಂಡದ್ದೂ ಅದೇ ಹೊತ್ತನ್ನು.

'ದಂಡುಪಾಳ್ಯ' ಬಂದಾಗ ಟಾಕೀಸಿನಲ್ಲಿ ಗಂಡಸರದ್ದೇ ಗದ್ದಲ. ಹೆಂಗಸರು ಹೆಚ್ಚಾಗಿ ನೋಡಿದ್ದು ಆಮೇಲೆ, ಟೀವಿಯಲ್ಲಿ. ಭದ್ರಾವತಿಯ ಪರಿಚಯದ ಒಬ್ಬರು, ಇಬ್ಬರು ಮಕ್ಕಳ ಮದುವೆ ಮಾಡಿದವರು, ದೇವರ ಮುಂದೆ ದೀಪ ಹಚ್ಚದೆ ಬಾಯಿಗೆ ನೀರು ಹಾಕದವರು, ನನಗೆ ಹೇಳಿದ ಮಾತಿದು: "ಕೊಂದಿದ್ದು ತಪ್ಪೇ ಕಣ್ರೀ ಅಕ್ಕ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವಳು ಹಾಗೆ ಕಾಲು ನೀಡಿ ಕೂತು ಬೀಡಿ ಸೇದ್ತಾಳಲ್ಲ, ಅಷ್ಟು ಜನ ಗಂಡಸರಿದ್ರೂ ಒಬ್ಬನೂ ಅವಳನ್ನ ಏಳು ಅನ್ನಲ್ಲ ನೋಡಿ."

ಒಬ್ಬನೂ ಏಳು ಅನ್ನುವುದಿಲ್ಲ! ಸಿನಿಮಾ ಪಂಡಿತರು ಹತ್ತು ಪುಟದಲ್ಲಿ ಬರೆಯುವುದನ್ನು ಆಕೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರು. ಆಕೆ ಮೆಚ್ಚಿದ್ದು ಕತ್ತಿಯನ್ನಲ್ಲ, ಕಾಲು ನೀಡಿ ಕೂತದ್ದನ್ನು. ಮೂವತ್ತು ವರ್ಷ ಯಾರಾದರೂ ಬಂದರೆ ದಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡವರಿಗೆ ಆ ಕಾಲು ನೀಡುವಿಕೆಯ ಬೆಲೆ ಗೊತ್ತು.

ಈಗ ಎರಡು ಗುಂಪಿನವರು ನನ್ನ ಮೇಲೆ ಏರಿಬರುತ್ತಾರೆ. ಮೊದಲನೆಯವರು ಸಂಸ್ಕೃತಿಯ ಕಾವಲುಗಾರರು. ಇಂಥ ಚಿತ್ರಗಳಿಂದ ಹೆಣ್ಣುಮಕ್ಕಳು ಕೆಡುತ್ತಾರೆ, ಮುಚ್ಚಿಸಿ ಎನ್ನುವವರು. ಇವರಿಗೆ ನಾನು ಕೇಳುವುದು: ಮಚ್ಚು ಲಾಂಗು ಹಿಡಿದ ನಾಯಕರ ಚಿತ್ರಗಳು 1995ರ 'ಓಂ'ನಿಂದ ಇಲ್ಲಿಯವರೆಗೆ ಸಾಲುಸಾಲಾಗಿ ಬಂದವಲ್ಲ, ಆಗ ಗಂಡುಮಕ್ಕಳು ಕೆಡುತ್ತಾರೆಂದು ನೀವು ಎಷ್ಟು ಟಾಕೀಸುಗಳ ಮುಂದೆ ಕೂತಿರಿ? ಪತ್ರಿಕೆಯ ಜಿಲ್ಲಾ ಪುಟ ಬಿಡಿಸಿದರೆ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಮಚ್ಚಿನ ಸುದ್ದಿಗೆ ಬರವಿಲ್ಲ. ಆ ಮಚ್ಚು ಹಿಡಿದವರಲ್ಲಿ ಪೂಜಾ ಗಾಂಧಿಯನ್ನು ನೋಡಿ ಕೆಟ್ಟ ಹೆಂಗಸರು ಎಷ್ಟು ಮಂದಿ? ಸೋಗಾನೆಯ ಜೈಲಿನ ಮುಂದೆ ಹೆಂಗಸರಿರುತ್ತಾರೆ, ನಿಜ. ಮಗನನ್ನೋ ಗಂಡನನ್ನೋ ನೋಡಲು ಕೈಚೀಲ ಹಿಡಿದು ಬಂದವರು ಅವರು.

ಎರಡನೆಯವರು ಇವರಿಗಿಂತ ನಯವಾದ ಜನ. ಕೊಲ್ಲುವ ಹೆಣ್ಣು ತೆರೆಯ ಮೇಲೆ ಬಂದಳೋ, ಇದೇ ಸ್ತ್ರೀ ಸ್ವಾತಂತ್ರ್ಯ ಎಂದು ಚಪ್ಪಾಳೆ ತಟ್ಟುವವರು. ಇಷ್ಟು ದಿನ ಗಂಡಸು ಕೊಂದ, ಈಗ ಹೆಂಗಸೂ ಕೊಂದಳು, ಲೆಕ್ಕ ಸಮವಾಯಿತು ಎನ್ನುವ ಧಾಟಿ. ಗಂಡಸು ಹೊತ್ತ ಕಸದ ಬುಟ್ಟಿಯನ್ನು ನಮ್ಮ ತಲೆಗೂ ಹೊರಿಸಿ ಇದು ಕಿರೀಟ ಎಂದರೆ ನಾವು ನಂಬಬೇಕೇ? ನನ್ನ ಜಗಳ ಮೊದಲನೆಯವರಿಗಿಂತ ಇವರ ಜೊತೆಗೇ ಹೆಚ್ಚು, ಯಾಕೆಂದರೆ ಇವರು ನಮ್ಮ ಪರವಾಗಿ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದಾರೆ.

ಹಾಗೆ ನೋಡಿದರೆ ಕೊಲ್ಲುವ ಹೆಣ್ಣು ನಮಗೆ ಹೊಸಬಳೇನಲ್ಲ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಊರಿಗೆ ಊರೇ ಹೆಂಗಸರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಅವಳ ಉಡಿ ತುಂಬುತ್ತಾರೆ. ನಾಡಿನ ಉದ್ದಗಲಕ್ಕೂ ಮಾರಿಯ ಹೆಸರಿನಲ್ಲಿ ಹೇಳುವ ಕತೆ ಏನು? ಜಾತಿ ಮುಚ್ಚಿಟ್ಟು ಮೋಸದಿಂದ ತನ್ನನ್ನು ಮದುವೆಯಾದ ಗಂಡನನ್ನೂ ಅವನಿಂದ ಹುಟ್ಟಿದ ಮಕ್ಕಳನ್ನೂ ಕೊಂದವಳು ಅವಳು. ಜಾತಿಯ ವಿಷ ತುಂಬಿದ ಕತೆ ಅದು, ಆ ವಿಷದ ಮಾತು ಬೇರೆಯೇ ಆಡಬೇಕು. ನಾನು ಇಲ್ಲಿ ಹೇಳುವುದು ಇಷ್ಟೇ: ಅವಳ ಕೊಲೆಗೆ ಕಾರಣವಿದೆ. ಕಾರಣವಿದ್ದುದರಿಂದ ಅವಳು ದೇವಿಯಾದಳು, ನಾವು ಕೈ ಮುಗಿದೆವು.

ಸಿನಿಮಾವೂ ಬಹುಕಾಲ ಇದೇ ನಿಯಮ ನಡೆಸಿತು. 1994ರ 'ಬ್ಯಾಂಡಿಟ್ ಕ್ವೀನ್'ನಲ್ಲಿ ಸೀಮಾ ಬಿಸ್ವಾಸ್ ಫೂಲನ್ ದೇವಿಯಾಗಿ ಬಂದೂಕು ಹಿಡಿಯುವ ಮೊದಲು ಅವಳ ಮೇಲೆ ಆದ ಅತ್ಯಾಚಾರವನ್ನೆಲ್ಲ ನಾವು ನೋಡಬೇಕಾಯಿತು. ಮೊದಲು ಕಾರಣ, ಆಮೇಲೆ ಬಂದೂಕು. ನಮ್ಮ ಮಾಲಾಶ್ರೀ 1989ರ 'ನಂಜುಂಡಿ ಕಲ್ಯಾಣ'ದಲ್ಲಿ ಸೊಕ್ಕಿನ ಹುಡುಗಿಯಾಗಿ ಬಂದಾಗ ಸಭಾಂಗಣದ ಹೆಂಗಸರು ಬಾಯಿ ತುಂಬ ನಕ್ಕರು. ಆದರೆ ಆ ಸೊಕ್ಕಿಗೆ ಕಾರಣವಿರಲಿಲ್ಲವಾದ್ದರಿಂದ ಗಂಡ ಅವಳನ್ನು ಬಗ್ಗಿಸಿಯೇ ಕತೆ ಮುಗಿಯಬೇಕಾಯಿತು. ಮುಂದೆ ಅದೇ ಮಾಲಾಶ್ರೀ 2009ರ 'ಕನ್ನಡದ ಕಿರಣ್ ಬೇಡಿ'ಯಲ್ಲಿ ಗೂಂಡಾಗಳನ್ನು ಚಚ್ಚಿದಾಗ ಯಾರೂ ಬಗ್ಗಿಸಲಿಲ್ಲ, ಮೈಮೇಲೆ ಪೊಲೀಸ್ ಯೂನಿಫಾರ್ಮು ಎಂಬ ಕಾರಣವಿತ್ತಲ್ಲ! ಅಂದರೆ ಹೆಂಗಸು ಹೊಡೆಯಬೇಕಾದರೂ ಬಜಾರಿನ ಆ ಕೊತ್ತಂಬರಿ ಸೊಪ್ಪಿನ ಕಟ್ಟು ಕೈಯಲ್ಲಿ ಇರಲೇಬೇಕು. ಅತ್ಯಾಚಾರವೋ, ಯೂನಿಫಾರ್ಮೋ, ಮಗನ ಸಾವೋ, ಏನಾದರೊಂದು.

ಈ ನಿಯಮ ಮುರಿದ ಹೆಂಗಸರು ತೆರೆಯ ಮೇಲೆ ಬಂದಾಗ ನಮ್ಮೊಳಗೆ ಏನೋ ಸಡಿಲವಾಗುತ್ತದೆ. 'ದಂಡುಪಾಳ್ಯ'ದ ಲಕ್ಷ್ಮಿಗೆ ಮೊದಲ ಭಾಗ ದೊಡ್ಡ ಕಾರಣವನ್ನೇನೂ ಹುಡುಕಿ ಕೊಡುವುದಿಲ್ಲ. 2018ರ ಹಿಂದಿ ಚಿತ್ರ 'ಅಂಧಾಧುನ್'ನಲ್ಲಿ ತಬು ಆಡಿದ ಸಿಮಿ, ಗುಟ್ಟು ಬಯಲಾಗಬಾರದೆಂದು ಒಂದಾದ ಮೇಲೊಂದು ಕೊಲೆಗೆ ಕೈಹಾಕುತ್ತ, ನಡುವೆ ಎಂದಿನಂತೆ ಮನೆಯ ಕೆಲಸವನ್ನೂ ನೋಡಿಕೊಳ್ಳುತ್ತಾಳೆ. ಅವಳಿಗೆ ಬಾಲ್ಯದ ದುಃಖವಿಲ್ಲ, ಸೇಡಿಲ್ಲ, ಕಣ್ಣೀರಿಲ್ಲ. ನನ್ನ ವಯಸ್ಸಿನವರು ಆ ಚಿತ್ರದಲ್ಲಿ ಅವಳನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಅಮೆರಿಕದವರು 1944ರಲ್ಲೇ 'ಡಬಲ್ ಇಂಡೆಮ್ನಿಟಿ' ಎಂಬ ಚಿತ್ರದಲ್ಲಿ ಇಂಥವಳನ್ನು ತಂದಿದ್ದರು. ಜೀವವಿಮೆಯ ದುಡ್ಡಿಗಾಗಿ ವಿಮೆ ಏಜೆಂಟನನ್ನೇ ಕಟ್ಟಿಕೊಂಡು ಗಂಡನನ್ನು ಮುಗಿಸುವ ಹೆಂಡತಿ ಅವಳು. ಅದು ಎರಡನೆಯ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋಗಿ, ಹೆಂಗಸರು ಕಾರ್ಖಾನೆಗೆ ದುಡಿಯಲು ಹೋಗಿ, ಕೈಯಲ್ಲಿ ಸ್ವಂತ ಸಂಬಳ ಕಂಡ ಕಾಲ. ಆ ಹೆಂಗಸಿನ ಬಗ್ಗೆ ಗಂಡಸಿಗಿದ್ದ ಹೆದರಿಕೆಯೇ ಈ ಸುಂದರ ಕೊಲೆಗಾರ್ತಿಯ ರೂಪ ತಾಳಿತು ಎಂದು ತಿಳಿದವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಅವಳನ್ನು ಹುಟ್ಟಿಸಿದ್ದು ನಮ್ಮ ಆಸೆಯಲ್ಲ, ಅವರ ಭಯ. ನಾವು ಆಮೇಲೆ ಬಂದು ಆ ಭಯದ ಗೊಂಬೆಯಲ್ಲಿ ನಮ್ಮ ಆಸೆಯನ್ನು ಕಂಡೆವು.

ಇಲ್ಲಿಂದ ನನ್ನ ತಕರಾರು ಶುರು.

ಮೊದಲನೆಯದು, ಈ ಚಿತ್ರಗಳು ಆ ಹೆಂಗಸನ್ನು ತೋರಿಸುವುದು ಯಾರಿಗೆ? ಕಾಲು ನೀಡಿ ಕೂತವಳು ನಮಗಾಗಿ ಕೂತಿದ್ದಾಳೆ ಎಂದು ನಾವು ತಿಳಿದೆವು. ಆದರೆ 'ದಂಡುಪಾಳ್ಯ' ಬಿಡುಗಡೆಯಾದಾಗ ಊರೆಲ್ಲ ಮಾತಾಗಿದ್ದು ಅವಳ ಬೀಡಿಯಲ್ಲ, ನಟಿಯ ಬರಿ ಬೆನ್ನು. ಅದಕ್ಕೆ ಪ್ರತಿಭಟನೆ, ಅದಕ್ಕೆ ಪ್ರಚಾರ, ಅದಕ್ಕೇ ಟಿಕೇಟು. ಎರಡನೆಯ ಭಾಗ ಬಂದಾಗಲೂ ಪೊಲೀಸರ ಚಿತ್ರಹಿಂಸೆಯ ಪ್ರಶ್ನೆ ಎತ್ತಿದ್ದ ಚಿತ್ರದಲ್ಲಿ ಸುದ್ದಿಯಾದದ್ದು ಇನ್ನೊಬ್ಬ ನಟಿಯ ಮೈಯೇ. ಯಾರಿಗೂ ಉತ್ತರ ಕೊಡದ ಹೆಂಗಸು ಎಂದು ಕರೆತಂದರು, ಕೊನೆಗೆ ಅವಳ ಬೆನ್ನಿನಿಂದ ಉತ್ತರ ಹೇಳಿಸಿದರು. ಅವಳಿಗೆ ಏಳು ಅನ್ನಲಿಲ್ಲ, ತಿರುಗು ಅಂದರು.

ಎರಡನೆಯದು ಇದಕ್ಕಿಂತ ದೊಡ್ಡದು. ಬಾಗಿಲು ತೆರೆದವಳು ಎಲ್ಲಿ ಹೋದಳು? ಇಂಥ ಚಿತ್ರಗಳಲ್ಲಿ ಅವಳಿಗೆ ಸಿಗುವುದು ಎರಡು ನಿಮಿಷ. ಬಾಗಿಲು ತೆರೆಯುತ್ತಾಳೆ, ಕಿರುಚುತ್ತಾಳೆ, ಬೀಳುತ್ತಾಳೆ. ಮುಂದಿನವಳು. ಕೊಂದವಳು ಹೇಗೆ ನಡೆಯುತ್ತಾಳೆ, ಹೇಗೆ ಉಗಿಯುತ್ತಾಳೆ, ಹೇಗೆ ನಗುತ್ತಾಳೆ ಎಂದೆಲ್ಲ ನಮಗೆ ಗೊತ್ತಾಗುತ್ತದೆ. ಸತ್ತವಳ ಒಲೆಯ ಮೇಲೆ ಏನಿತ್ತು, ಯಾರು ಶಾಲೆಯಿಂದ ಬರಬೇಕಿತ್ತು, ಆ ಬಳೆ ಯಾವಾಗ ಮಾಡಿಸಿದ್ದು, ಇದೊಂದೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು ಗಮನಿಸಿ. ಆ ಹೆಂಗಸು ಸತ್ತದ್ದು ಬಾಯಾರಿದವರಿಗೆ ನೀರು ಕೊಡಲು ಹೋಗಿ. ನೀರು ಕೇಳಿದವರನ್ನು ಯಾರು, ಎತ್ತ, ಯಾಕೆ ಎಂದು ಕೇಳಬಾರದು ಎಂಬುದು ನಮ್ಮ ಅಜ್ಜಿಯರು ಕಲಿಸಿದ ಪಾಠ. ಇಡೀ ಲೋಕ ತನ್ನಿಂದ ಕಾರಣ ಕೇಳುತ್ತಿರುವಾಗ ತಾನು ಮಾತ್ರ ಕಾರಣ ಕೇಳದೆ ಕೊಟ್ಟವಳು ಅವಳು. ಈ ಕತೆಯಲ್ಲಿ ನಾಯಕಿ ಅಂತ ಒಬ್ಬಳಿದ್ದರೆ ಅವಳೇ. ಅವಳ ಕತ್ತನ್ನು ಎರಡು ನಿಮಿಷದಲ್ಲಿ ಮುಗಿಸಿ, ಕೊಯ್ದವಳ ಜೊತೆ ಎರಡು ಗಂಟೆ ಕೂರಿಸಿ, ಇದು ನಿಮ್ಮ ಬಿಡುಗಡೆ ಎಂದು ನಮಗೇ ಹೇಳುವ ಧೈರ್ಯ ಯಾರದು?

ತೆರೆಯ ಮೇಲಲ್ಲದೆ ನಿಜವಾಗಿ ಅಂಥ ಹೆಂಗಸು ಹೇಗಿರುತ್ತಾಳೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 'ಸೈನೈಡ್ ಮಲ್ಲಿಕಾ' ಎಂದು ಹೆಸರಾದ ಹೆಂಗಸು 2007ರಲ್ಲಿ ಸಿಕ್ಕಿಬಿದ್ದಳು. ದೇವಸ್ಥಾನಗಳಲ್ಲಿ ಕಷ್ಟ ಹೇಳಿಕೊಂಡು ಅಳುವ ಹೆಂಗಸರ ಪರಿಚಯ ಮಾಡಿಕೊಳ್ಳುವುದು, ವಿಶೇಷ ಪೂಜೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ, ಒಡವೆ ಹಾಕಿಕೊಂಡು ಬನ್ನಿ ಎಂದು ದೂರದ ಕ್ಷೇತ್ರಕ್ಕೆ ಕರೆಸುವುದು, ತೀರ್ಥವೆಂದು ಸೈನೈಡ್ ಕುಡಿಸುವುದು. ಅವಳ ಕೈಗೆ ಸಿಕ್ಕವರು ಯಾರು? ದೌರ್ಜನ್ಯ ಮಾಡಿದ ಗಂಡಸರೇ? ಒಬ್ಬನೂ ಅಲ್ಲ. ಮಕ್ಕಳಿಲ್ಲದವರು, ಮನೆಯಲ್ಲಿ ನೆಮ್ಮದಿಯಿಲ್ಲದವರು, ತಮ್ಮ ಕಷ್ಟ ಕೇಳುವ ಒಂದು ಕಿವಿ ಸಿಕ್ಕಿತಲ್ಲ ಎಂದು ನಂಬಿದವರು. ಅಂದರೆ ನಾವು. ನೀತಿಯ ಹಂಗು ಹರಿದ ಹೆಂಗಸು ವ್ಯವಸ್ಥೆಯ ಮೇಲೆ ಕತ್ತಿ ಬೀಸುತ್ತಾಳೆ ಎಂಬುದು ಚಪ್ಪಾಳೆಯವರ ಕನಸು. ಕತ್ತಿ ಸುಲಭವಾದ ಕತ್ತನ್ನು ಹುಡುಕುತ್ತದೆ, ಹಿಡಿದವರು ಗಂಡಸಾಗಲಿ ಹೆಂಗಸಾಗಲಿ.

ಮೂರನೆಯ ತಕರಾರು ಹಳೆಯದು, ನಮ್ಮ ಜಿಲ್ಲೆಯ ಚರಿತ್ರೆಯಷ್ಟೇ ಹಳೆಯದು. ಕಾರಣ ಕೊಡದ ಹೆಂಗಸು ಎಂದರೆ ಕೊಲೆಗಾರ್ತಿಯೇ ಆಗಿರಬೇಕು ಎಂಬ ಸಮೀಕರಣ ಸಿನಿಮಾದವರು ಕಂಡುಹಿಡಿದದ್ದಲ್ಲ. ಹೊಸನಗರ ತಾಲೂಕಿನ ನಗರಕ್ಕೆ ಹೋದರೆ ಬಿದನೂರಿನ ಕೋಟೆ ಇನ್ನೂ ಇದೆ. ಅಲ್ಲಿ ಆಳಿದ ರಾಣಿ ವೀರಮ್ಮಾಜಿಯನ್ನು ಸೋಲಿಸಿ ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದ. ರಾಜ್ಯ ಹೋಯಿತು, ರಾಣಿ ಮಧುಗಿರಿ ಕೋಟೆಯಲ್ಲಿ ಸೆರೆಯಾದಳು. ಅಷ್ಟಕ್ಕೇ ಬಿಡಲಿಲ್ಲ. ಅವಳಿಗೊಬ್ಬ ಮಿಂಡನಿದ್ದ, ಅದನ್ನು ಆಕ್ಷೇಪಿಸಿದ ದತ್ತುಮಗನನ್ನು ಅವಳೇ ಕೊಲ್ಲಿಸಿದಳು ಎಂಬ ಕತೆಯನ್ನು ವಿಲ್ಕ್ಸ್‌ನಂಥ ಇಂಗ್ಲಿಷ್ ಚರಿತ್ರೆಕಾರರು ಬರೆದಿಟ್ಟರು, ಮುಂದಿನವರು ನಕಲು ಮಾಡಿದರು. ಗೆದ್ದವರ ಕಡೆಯಿಂದ ಬಂದ ಕತೆಯನ್ನು ಎಷ್ಟು ನಂಬಬೇಕೋ ಓದುವವರಿಗೆ ಬಿಟ್ಟದ್ದು. ಆದರೆ ಆಳುವ ಹೆಂಗಸಿನ ಮೇಲೆ ಮೊದಲು ಹಾದರ, ಆಮೇಲೆ ಕೊಲೆ ಹೊರಿಸುವ ಈ ಕ್ರಮವನ್ನು ನೋಡಿ. ಸೋತ ರಾಜರ ಕತೆಗಳಲ್ಲಿ ಅವರು ಯಾರ ಜೊತೆ ಮಲಗಿದರು ಎಂಬುದು ಸೋಲಿಗೆ ಕಾರಣವಾಗಿ ಎಷ್ಟು ಸಲ ಬರುತ್ತದೆ?

ಅದಕ್ಕೂ ಹಿಂದೆ, 1209ರಲ್ಲಿ, ಜನ್ನ ಕವಿ 'ಯಶೋಧರ ಚರಿತೆ' ಬರೆದ. ಅದರ ರಾಣಿ ಅಮೃತಮತಿಯನ್ನು ಕನ್ನಡ ಓದಿದವರೆಲ್ಲ ಬಲ್ಲರು. ರಾತ್ರಿ ಕೇಳಿದ ಒಂದು ಹಾಡಿನ ದನಿಗೆ ಮನಸೋತು, ಹಾಡಿದವನು ಕುರೂಪಿ ಮಾವುತ ಎಂದು ಗೊತ್ತಾದ ಮೇಲೂ ಮನಸ್ಸು ಹಿಂತೆಗೆಯದವಳು. ಇಂಥ ಗಂಡನಿದ್ದೂ ಅಂಥವನು ಯಾಕೆ ಎಂಬ ಪ್ರಶ್ನೆಗೆ ಲೋಕ ಒಪ್ಪುವ ಉತ್ತರ ಅವಳಲ್ಲಿಲ್ಲ. ಕಾವ್ಯದಲ್ಲಿ ಅವಳು ಜೀವಂತವಾಗಿರುವುದು ಆ ಗಳಿಗೆಯಲ್ಲೇ, ಎಂಟುನೂರು ವರ್ಷವಾದರೂ ಮೇಷ್ಟರುಗಳು ತರಗತಿಯಲ್ಲಿ ಕೆಮ್ಮಿ ಪುಟ ಮಗುಚುವಂತೆ. ಆಮೇಲೆ ಕವಿ ಅವಳ ಕೈಗೆ ವಿಷ ಕೊಡುತ್ತಾನೆ, ಗಂಡನನ್ನೂ ಅತ್ತೆಯನ್ನೂ ಕೊಲ್ಲಿಸುತ್ತಾನೆ, ಕೊನೆಗೆ ನರಕಕ್ಕೆ ಕಳಿಸುತ್ತಾನೆ. ಜನ್ನನಿಗೆ ಹಿಂಸೆಯ ಫಲ ಹೇಳುವ ಧರ್ಮದ ಕೆಲಸವಿತ್ತು, ಅದನ್ನು ಮಾಡಿದ. ಇಂದಿನ ಸಿನಿಮಾದವರಿಗೆ ಆ ಧರ್ಮದ ಕೆಲಸವೂ ಇಲ್ಲ. ಆದರೂ ಅವರು ಅದೇ ದಾರಿ ಹಿಡಿಯುತ್ತಾರೆ. ತನ್ನ ಇಷ್ಟದಂತೆ ನಡೆದ ಹೆಂಗಸು ಎಂದರೆ ಮುಂದಿನ ರೀಲಿನಲ್ಲಿ ರಕ್ತ ಬರಲೇಬೇಕು. ಹೀಗೆ ಮಾಡಿದರೆ ನೋಡುವ ಹೆಂಗಸಿಗೆ ಸಿಗುವ ಪಾಠ ಸ್ಪಷ್ಟ: ನಿನ್ನ ಇಷ್ಟದಂತೆ ಬದುಕಬೇಕೇ? ಹಾಗಾದರೆ ನೀನು ಪಿಶಾಚಿ. ಪಿಶಾಚಿಯಾಗಲು ಮನಸ್ಸಿಲ್ಲವೇ? ಹಾಗಾದರೆ ಹೋಗಿ ಕಾಫಿಗೆ ನೀರಿಡು. ಸಂಸ್ಕೃತಿಯ ಕಾವಲುಗಾರರು ಹೇಳುವುದೂ ಇದನ್ನೇ ಅಲ್ಲವೇ? ಎರಡೂ ಗುಂಪಿನವರು ಒಂದೇ ಬಾಗಿಲಿಗೆ ಎರಡು ಕಡೆಯಿಂದ ಚಿಲಕ ಹಾಕುತ್ತಿದ್ದಾರೆ.

ಹಾಗಾದರೆ ಕೆಟ್ಟ ಹೆಂಗಸನ್ನು ಬರೆಯಲೇಬಾರದೇ ಎಂದು ಕೇಳಬಹುದು. ಬರೆಯಬೇಕು, ಬೇಕಾದಷ್ಟು ಬರೆಯಬೇಕು. ಶಿವಮೊಗ್ಗ ತಾಲೂಕಿನ ಕೊನಗವಳ್ಳಿಯಿಂದ ಬಂದ ಲಂಕೇಶರು 'ಮುಸ್ಸಂಜೆಯ ಕಥಾಪ್ರಸಂಗ'ದಲ್ಲಿ ರಂಗವ್ವನನ್ನು ಬರೆದು ತೋರಿಸಿದ್ದಾರೆ. ಬಾಯಿ ಬಿಟ್ಟರೆ ಬೈಗುಳ, ಸಾಲ ಕೊಟ್ಟರೆ ಬಡ್ಡಿ ಸಮೇತ ವಸೂಲಿ, ಊರಿನ ಗಂಡಸರಿಗೆಲ್ಲ ಅವಳ ಕಂಡರೆ ಅಳುಕು. ಒಳ್ಳೆಯವಳು ಎಂದು ಯಾರೂ ಹೇಳಲಾರರು. ಅವಳು ಹೇಳಿಸಿಕೊಳ್ಳಲು ಕಾದು ಕೂತೂ ಇಲ್ಲ. 2008ರಲ್ಲಿ ಕವಿತಾ ಲಂಕೇಶ್ ಅದನ್ನು 'ಅವ್ವ' ಎಂಬ ಚಿತ್ರ ಮಾಡಿದಾಗ, ಅದುವರೆಗೆ ತೆರೆಯ ಮೇಲೆ ಅತ್ತೂ ಅತ್ತೂ ನಮ್ಮ ಸೆರಗುಗಳನ್ನು ಒದ್ದೆ ಮಾಡಿದ್ದ ಶ್ರುತಿ ಆ ಜೋರು ಬಾಯಿಯ ಅವ್ವನಾದರು. ಈ ರಂಗವ್ವ ಕಾಲು ನೀಡಿ ಕೂರುತ್ತಾಳೆ, ಒಬ್ಬನೂ ಏಳು ಅನ್ನುವುದಿಲ್ಲ. ಅವಳಿಗೆ ಕತ್ತಿ ಬೇಕಾಗಲಿಲ್ಲ, ನೀರು ಕೊಟ್ಟವಳ ಹೆಣವೂ ಬೇಕಾಗಲಿಲ್ಲ. ಕತೆ ಬರೆದವನಿಗೆ ಮನುಷ್ಯರ ಮೇಲೆ ಆಸಕ್ತಿ ಇದ್ದುದು ಸಾಕಾಯಿತು.

ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ಮಾತು 2023ರಲ್ಲಿ ಬಂದಾಗ ಊರು ಬೀದಿಗಿಳಿಯಿತು. ಸಂಬಳ ನಿಂತ ಮನೆಗಳಲ್ಲಿ ಚೀಟಿ ನಡೆಸಿದವರು, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟವರು, ಗಂಡನನ್ನು ಕೇಳದೆ ಸರ ಅಡವಿಟ್ಟು ಮಗಳ ಫೀಸು ಕಟ್ಟಿದವರು ಯಾರು? ಅದರಲ್ಲಿ ಎಷ್ಟೋ ಸುಳ್ಳು, ಎಷ್ಟೋ ಮುಚ್ಚುಮರೆ, ಒಂದಿಷ್ಟು ಮೋಸವೂ ಇದ್ದಿರಬಹುದು. ಪುಸ್ತಕದ ನೀತಿಗೆ ಅದು ಹೊಂದಲಾರದು. ಆ ಹೆಂಗಸರ ಮೇಲೆ ಯಾರಾದರೂ ಮೂರು ಭಾಗ ಸಿನಿಮಾ ಮಾಡಿದ್ದಾರೆಯೇ?

ಸಿನಿಮಾದವರನ್ನು ಬೈದು ಕೈತೊಳೆದುಕೊಂಡರೆ ನಮ್ಮ ಕೆಲಸ ಮುಗಿಯಲಿಲ್ಲ. ಕಾರಣ ಕೇಳುವವರು ಗಂಡಸರಷ್ಟೇ ಅಲ್ಲವಲ್ಲ. ಹಾಸ್ಟೆಲಿನ ಗೇಟಿನಲ್ಲಿ ನೋಟ್‌ಬುಕ್ಕು ಹಿಡಿದು ಕೂತ ವಾರ್ಡನ್ ಹೆಂಗಸು. ಸೊಸೆಯ ಮೊಬೈಲು ಎರಡು ಸಲ ಹೊಡೆದುಕೊಂಡರೆ ಯಾರದು ಎನ್ನುವವಳು ಹೆಂಗಸು. ಪಕ್ಕದ ಮನೆಯಾಕೆ ಒಬ್ಬಳೇ ಆಟೋ ಹತ್ತಿದರೆ ಕಿಟಕಿಯ ಪರದೆ ಸರಿಸುವವಳೂ ಹೆಂಗಸೇ. ನಮ್ಮ ಮಗಳಿಗೆ ನಾವೇ ದಿನಕ್ಕೆ ಹತ್ತು ಕಾರಣ ಕೇಳಿ, ರಾತ್ರಿ ಮೊಬೈಲಿನಲ್ಲಿ ಯಾರಿಗೂ ಕಾರಣ ಕೊಡದ ಕೊಲೆಗಾರ್ತಿಯನ್ನು ನೋಡಿ ಸಮಾಧಾನಪಟ್ಟುಕೊಂಡರೆ, ಅಷ್ಟು ಅಗ್ಗದ ಬಿಡುಗಡೆಯನ್ನು ಮಾರುವವರು ಯಾಕೆ ಮಾರುವುದಿಲ್ಲ? ಮನೆಯಲ್ಲಿ ಒಬ್ಬ ಹೆಂಗಸು ಸುಮ್ಮನೆ ಹೊರಗೆ ಹೋಗಿ ಸುಮ್ಮನೆ ವಾಪಸು ಬರುವಂತಾಗಲಿ. ಆಗ ತೆರೆಯ ಮೇಲಿನ ಕತ್ತಿಗೆ ಈಗಿರುವ ಹೊಳಪು ಇರುತ್ತದೆಯೇ, ನೋಡೋಣ.

ಲಕ್ಷ್ಮಿ, ಸಿಮಿಯರ ಚಿತ್ರಗಳನ್ನು ನಿಷೇಧಿಸಿ ಎಂದು ನಾನು ಅರ್ಜಿ ಹಿಡಿದು ಹೊರಟಿಲ್ಲ. ನೋಡುವವರು ನೋಡಲಿ. ಆದರೆ ಅದನ್ನು ನಮ್ಮ ಬಿಡುಗಡೆಯ ಕತೆ ಎಂದು ನಮಗೆ ವಿವರಿಸಬೇಡಿ. ಮಧ್ಯಾಹ್ನದ ಹೊತ್ತು ಬಾಗಿಲು ತೆರೆದು, ಯಾರು ಎಂದೂ ಕೇಳದೆ ನೀರು ತರಲು ಒಳಗೆ ತಿರುಗಿದವಳ ಕತೆಯನ್ನು ಯಾರಾದರೂ ಮನಸ್ಸಿಟ್ಟು ಮಾಡಲಿ. ಅವಳನ್ನು ದೇವತೆ ಮಾಡಬೇಡಿ. ಅವಳಿಗೂ ಸಿಟ್ಟಿರಲಿ, ಸುಳ್ಳಿರಲಿ, ಡಬ್ಬಿಯಲ್ಲಿ ಮುಚ್ಚಿಟ್ಟ ದುಡ್ಡಿರಲಿ, ಹೇಳಿಕೊಳ್ಳಲಾಗದ ಒಂದು ಆಸೆಯಿರಲಿ. ಆ ಚಿತ್ರಕ್ಕೆ ನಾವು ಟಿಕೇಟು ತೆಗೆದು ಹೋಗುತ್ತೇವೆ. ಮ್ಯಾಟಿನಿಗೇ ಹೋಗುತ್ತೇವೆ. ಯಾಕೆ ಹೋಗಿದ್ದಿರಿ ಎಂದು ಮನೆಯಲ್ಲಿ ಕೇಳಿದರೆ ಕಾರಣ ಹೇಳುವುದಿಲ್ಲ.